ರೆಕಾರ್ಡು ತುಂಬಿತು, ಕೈ ಪಳಗಲಿಲ್ಲ

ನಮ್ಮ ಹಾಸನ ಜಿಲ್ಲೆಯ ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆ ಹೋಬಳಿಯ ಕಡೆ ಎಸ್ಸೆಸ್ಸೆಲ್ಸಿ ಓದುತ್ತಿರುವ ಒಬ್ಬ ಹುಡುಗನನ್ನು ನಿಲ್ಲಿಸಿ, ಸತುವಿನ ಚೂರುಗಳ ಮೇಲೆ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಹಾಕಿ ಹೈಡ್ರೋಜನ್ ಪಡೆಯುವ ಚಿತ್ರ ಬರೆದು ತೋರಿಸು ಅನ್ನಿ. ತಡವರಿಸದೆ ಬರೆಯುತ್ತಾನೆ. ಸ್ಟ್ಯಾಂಡು, ಪ್ರನಾಳ, ಬಾಗಿದ ನಳಿಕೆ, ಸೋಪಿನ ದ್ರಾವಣದ ಬಟ್ಟಲು, ಗುಳ್ಳೆಯ ಹತ್ತಿರ ಉರಿಯುವ ಮೇಣದಬತ್ತಿ, ಎಲ್ಲಕ್ಕೂ ಸ್ಕೇಲಿನಿಂದ ಗೆರೆ ಎಳೆದು ಭಾಗಗಳ ಹೆಸರು. ವಾರ್ಷಿಕ ಪರೀಕ್ಷೆಯಲ್ಲಿ ಮತ್ತೆ ಮತ್ತೆ ಬರುವ ಚಿತ್ರ ಅದು, ಹಾಗಾಗಿ ಬೆರಳಿಗೇ ಬಾಯಿಪಾಠವಾಗಿರುತ್ತದೆ. ಗುಳ್ಳೆಗೆ ಬೆಂಕಿ ತಾಗಿದಾಗ ಏನಾಗುತ್ತದೆ ಎಂದು ಕೇಳಿ. 'ಪಾಪ್ ಶಬ್ದ ಬರುತ್ತದೆ ಸರ್.' ನೀನು ಕೇಳಿದ್ದೀಯಾ ಅಂದರೆ ಮಾತ್ರ ಪಕ್ಕದವನ ಮುಖ ನೋಡುತ್ತಾನೆ.

ಇದರಲ್ಲಿ ಹುಡುಗನ ತಪ್ಪಿಲ್ಲ. ಮೇಷ್ಟ್ರ ತಪ್ಪೂ ಅರ್ಧ ಮಾತ್ರ. ನಮ್ಮ ರಾಜ್ಯದ ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆಯೇ ಇಲ್ಲ. 100 ಅಂಕದಲ್ಲಿ 80 ಲಿಖಿತ ಪರೀಕ್ಷೆಗೆ, ಉಳಿದ 20 ಶಾಲೆಯಲ್ಲೇ ಹಾಕುವ ಆಂತರಿಕ ಅಂಕ. ವಿಜ್ಞಾನಕ್ಕೂ ಅದೇ ಲೆಕ್ಕ, ಸಮಾಜಕ್ಕೂ ಅದೇ ಲೆಕ್ಕ. ಒಂದು ಥರ್ಮಾಮೀಟರನ್ನೂ ಮುಟ್ಟದೆ ವಿಜ್ಞಾನದಲ್ಲಿ ನೂರಕ್ಕೆ ನೂರು ತೆಗೆಯಲು ನಮ್ಮಲ್ಲಿ ಯಾವ ಅಡ್ಡಿಯೂ ಇಲ್ಲ, ತೆಗೆದವರೂ ಇದ್ದಾರೆ.

ಗಡಿ ದಾಟಿದರೆ ಕತೆ ಬೇರೆ. ಜತ್ತ, ಅಕ್ಕಲಕೋಟೆ ಕಡೆಯ ಕನ್ನಡ ಮಾಧ್ಯಮದ ಮಕ್ಕಳು ಬರೆಯುವುದು ಮಹಾರಾಷ್ಟ್ರ ಮಂಡಳಿಯ ಹತ್ತನೇ ತರಗತಿ ಪರೀಕ್ಷೆ. ಅಲ್ಲಿ ವಿಜ್ಞಾನಕ್ಕೆ 40ರ ಎರಡು ಲಿಖಿತ ಪತ್ರಿಕೆ, ಜೊತೆಗೆ 20 ಅಂಕದ ಪ್ರಾಯೋಗಿಕ. ತಮಿಳುನಾಡಿನ ತಾಳವಾಡಿಯಲ್ಲಿ ಕನ್ನಡದಲ್ಲೇ ಓದುವ ಮಗುವಿಗೆ ಲಿಖಿತಕ್ಕೆ 75, ಪ್ರಾಯೋಗಿಕಕ್ಕೆ 25. ಕಾಸರಗೋಡಿನ ಮಕ್ಕಳು ಕೇರಳದ ಎಸ್ಸೆಸ್ಸೆಲ್ಸಿಯಲ್ಲಿ ಐಟಿ ವಿಷಯಕ್ಕೆ ಕಂಪ್ಯೂಟರ್ ಮುಂದೆ ಕೂತು ಕೈಯಾರೆ ಮಾಡಿ ತೋರಿಸಬೇಕು. ನಮ್ಮ ಊರಿನಲ್ಲೇ ಐಸಿಎಸ್ಇ ಶಾಲೆಯಲ್ಲಿ ಓದುವವರಿಗೆ ಭೌತ, ರಸಾಯನ, ಜೀವಶಾಸ್ತ್ರ ಒಂದೊಂದಕ್ಕೂ 20 ಅಂಕದ ಆಂತರಿಕ ಪ್ರಾಯೋಗಿಕ ಇದೆ. ಅವರಲ್ಲೂ ಎಲ್ಲವೂ ಸರಿಯಿದೆ ಎಂದು ನಾನು ಹೇಳುತ್ತಿಲ್ಲ. ಹೊರಗಿನ ರಾಜ್ಯದ ಕನ್ನಡ ಮಗುವಿಗೆ ಸಿಗುವ ಒಂದು ಅವಕಾಶ ಹೊಳೆನರಸೀಪುರ ತಾಲ್ಲೂಕಿನ ಮಗುವಿಗೆ ಸಿಗುವುದಿಲ್ಲ, ಅಷ್ಟೇ ನನ್ನ ತಕರಾರು.

ಆ 20 ಆಂತರಿಕ ಅಂಕ ಬಂದದ್ದು ಒಳ್ಳೆಯ ಉದ್ದೇಶದಿಂದಲೇ. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಎಂಬ ದೊಡ್ಡ ಹೆಸರಿನಡಿ 2014-15ರಲ್ಲಿ ಎಸ್ಸೆಸ್ಸೆಲ್ಸಿಗೆ ಇದು ಕಾಲಿಟ್ಟಿತು. ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ, ಮಕ್ಕಳ ಬಾಯಲ್ಲಿ ಎಫ್ಎ ಒಂದು, ಎಫ್ಎ ಎರಡು. ಪ್ರತಿಯೊಂದರಲ್ಲೂ ಚಟುವಟಿಕೆಗೆ ಜಾಗವಿದೆ. ಚಟುವಟಿಕೆ ಎಂದರೆ ಪ್ರಯೋಗ ಆಗಬಹುದಿತ್ತು, ಮಗು ತಾನೇ ಅಳೆದು ಬರೆದ ಪಟ್ಟಿ ಆಗಬಹುದಿತ್ತು. ಬಹಳ ಕಡೆ ಅದು ಥರ್ಮಾಕೋಲ್ ಆಯಿತು. ಸೌರಮಂಡಲ, ಹೃದಯ, ಗಾಳಿಯಂತ್ರ. ಪೇಟೆಯ ಸ್ಟೇಷನರಿ ಅಂಗಡಿಯಲ್ಲಿ ಪ್ರಿಂಟು ಹಾಕಿಸಿ, ಕತ್ತರಿಸಿ ಅಂಟಿಸಿದ ಪ್ರಾಜೆಕ್ಟು. ಅಪ್ಪ ಹಣ ಕೊಟ್ಟ, ಅಕ್ಕ ಬಣ್ಣ ಹಚ್ಚಿದಳು, ಮಗ ಹೆಸರು ಬರೆದ. ಅಂಕ ಮಾತ್ರ ಇಪ್ಪತ್ತಕ್ಕೆ ಹತ್ತೊಂಬತ್ತು, ಇಪ್ಪತ್ತು. ಶಾಲೆಯ ಫಲಿತಾಂಶ ಕೆಡಬಾರದಲ್ಲ!

ಫಲಿತಾಂಶದ ಮಾತು ಬಂದರೆ ಹಾಸನ ಜಿಲ್ಲೆ ತಲೆ ಎತ್ತಿಯೇ ನಿಲ್ಲಬಹುದು. 2019ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಇಡೀ ರಾಜ್ಯಕ್ಕೆ ನಾವೇ ಮೊದಲು. ಬೆಂಗಳೂರನ್ನೂ ಕರಾವಳಿಯನ್ನೂ ಹಿಂದೆ ಹಾಕಿದ ಸಂಭ್ರಮ ಆ ವರ್ಷ ಹಳ್ಳಿಹಳ್ಳಿಗೂ ಮುಟ್ಟಿತು. ಮೇಷ್ಟ್ರುಗಳು ರಾತ್ರಿ ಮಕ್ಕಳ ಮನೆಗೆ ಫೋನಾಯಿಸಿ ಓದುತ್ತಿದ್ದೀಯೇನೋ ಎಂದು ವಿಚಾರಿಸಿದ ಕಾಲ. ಆ ಶ್ರಮವನ್ನು ಹಗುರ ಮಾಡುವ ಮಾತೇ ಇಲ್ಲ. ಆದರೆ ಆ ಓಟದಲ್ಲಿ ಲ್ಯಾಬಿನ ಬೀಗದ ಕೈ ಎಲ್ಲಿದೆ ಎಂದು ಯಾರೂ ಹುಡುಕಲಿಲ್ಲ, ಹುಡುಕುವ ಅಗತ್ಯವೂ ಬೀಳಲಿಲ್ಲ.

ಲ್ಯಾಬು ಇಲ್ಲವೇ ಇಲ್ಲ ಎನ್ನುವುದೂ ನಿಜವಲ್ಲ. 2009ರಲ್ಲಿ ಶುರುವಾದ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನ, ಅದು 2018ರಲ್ಲಿ ಸೇರಿಕೊಂಡ ಸಮಗ್ರ ಶಿಕ್ಷಣ, ಹೀಗೆ ಒಂದಲ್ಲ ಒಂದು ಯೋಜನೆಯಲ್ಲಿ ಸರ್ಕಾರಿ ಹೈಸ್ಕೂಲುಗಳಿಗೆ ಸಾಮಾನು ಬಂದಿದೆ. ಹೆಡ್ ಮಾಸ್ಟರ ಕೊಠಡಿಯ ಮೂಲೆಯಲ್ಲಿ ಕಬ್ಬಿಣದ ಬೀರು, ಅದರೊಳಗೆ ಹುಲ್ಲಿನ ಪ್ಯಾಕಿಂಗನ್ನೂ ಬಿಚ್ಚದ ಪ್ರಿಸಮ್ಮು, ಲೇಬಲ್ ಉದುರಿದ ಬಾಟಲಿಗಳು. ಮುರಿದರೆ ದಾಸ್ತಾನು ಪುಸ್ತಕಕ್ಕೆ ಯಾರು ಜವಾಬು ಕೊಡಬೇಕು ಎಂಬ ಭಯ ಒಂದು ಕಡೆ. ಭೌತ, ರಸಾಯನ, ಗಣಿತ ಓದಿ ಬಂದ ಪಿಸಿಎಂ ಮೇಷ್ಟ್ರಿಗೆ ಗಣಿತವೂ ಅವರದೇ, ಮೂರು ತರಗತಿಯೂ ಅವರವೇ. ರಸಾಯನ, ಸಸ್ಯ, ಪ್ರಾಣಿಶಾಸ್ತ್ರ ಓದಿ ಬಂದ ಸಿಬಿಝಡ್ ಮೇಡಂ ಬೇರೆ ಶಾಲೆಗೆ ನಿಯೋಜನೆ ಮೇಲೆ ಹೋಗಿ ಬರುವುದು ಇನ್ನೊಂದು ಕಡೆ. ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಬೀರು ತೆಗೆದು, ಜೋಡಿಸಿ, ತೋರಿಸಿ, ತೊಳೆದು ಇಡುವುದು ಹೇಗೆ ಎಂದು ಅವರು ಕೇಳಿದರೆ ಉತ್ತರ ಹೇಳುವುದು ಕಷ್ಟವೇ.

ಹೀಗೆ ಎಸ್ಸೆಸ್ಸೆಲ್ಸಿ ಮುಗಿಸಿದ ಮಗು ಜೂನ್ ತಿಂಗಳಲ್ಲಿ ಸೈನ್ಸ್ ಹಿಡಿದು ಹೊಳೆನರಸೀಪುರಕ್ಕೋ ಹಾಸನಕ್ಕೋ ಪಿಯುಸಿಗೆ ಬಸ್ಸು ಹತ್ತುತ್ತದೆ. ಅರಕಲಗೂಡು, ಚನ್ನರಾಯಪಟ್ಟಣದ ಹಳ್ಳಿಗಳ ಮಕ್ಕಳದ್ದೂ ಇದೇ ಪಾಡು. ಒಮ್ಮೆಲೇ ಎರಡು ಹೊಡೆತ. ಒಂದು, ಇಲ್ಲಿಯವರೆಗೆ 'ವಿಭವಾಂತರ', 'ಪ್ರತ್ಯಾಮ್ಲ' ಎಂದು ಓದಿದ್ದೆಲ್ಲ ಇಂಗ್ಲಿಷಾಗುತ್ತದೆ. ಎರಡು, ಯಾರೂ ಮೊದಲೇ ಪರಿಚಯ ಮಾಡಿಕೊಡದ ಬ್ಯೂರೆಟ್ಟು ಎದುರಿಗೆ ನಿಂತಿರುತ್ತದೆ. ದ್ವಿತೀಯ ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಮೂರಕ್ಕೂ 70 ಅಂಕ ಲಿಖಿತ, 30 ಅಂಕ ಪ್ರಾಯೋಗಿಕ. ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡರೆ ಅದಕ್ಕೂ 30. ಮೂರು ವಿಷಯ ಸೇರಿದರೆ 90 ಅಂಕ. ವಾರ್ಷಿಕ ಪರೀಕ್ಷೆಗೆ ಮೊದಲೇ, ಸಂಕ್ರಾಂತಿ ಕಳೆಯುತ್ತಿದ್ದಂತೆ, ಹೊರಗಿನ ಕಾಲೇಜಿನಿಂದ ಬಂದ ಪರೀಕ್ಷಕರ ಎದುರು ಈ ಪರೀಕ್ಷೆ ಮುಗಿಯುತ್ತದೆ.

ಡಿಸೆಂಬರ್ ಬಂತೆಂದರೆ ಪ್ರಾಕ್ಟಿಕಲ್ ತಯಾರಿ ಶುರು. ತಯಾರಿ ಎಂದರೆ ನಮ್ಮ ಹುಡುಗರ ಮಟ್ಟಿಗೆ ರೆಕಾರ್ಡು ಬರೆಯುವುದು. ಸೀನಿಯರ್ ಅಕ್ಕನ ರೆಕಾರ್ಡು ಊರೂರು ತಿರುಗುತ್ತದೆ. ಒಂದೇ ರಾತ್ರಿಯಲ್ಲಿ ಎಂಟು ಪ್ರಯೋಗ 'ಮುಗಿಸಿದೆ' ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ಆ ಎಂಟರಲ್ಲಿ ಅವರು ಕೈಯಾರೆ ಮಾಡಿದ್ದು ಮೂರು, ಉಳಿದ ಐದರ ರೀಡಿಂಗುಗಳು ಅಕ್ಕನವು. ಅಕ್ಕನ ರೀಡಿಂಗುಗಳೂ ಬಹುಶಃ ಅವಳ ಸೀನಿಯರ್‌ನವು. ಒಂದೇ ತಂತಿಯ ರೋಧ ಹತ್ತು ವರ್ಷದಿಂದ ಎರಡನೇ ದಶಮಾಂಶದವರೆಗೂ ಒಂದೇ ಆಗಿರುವುದನ್ನು ರೆಕಾರ್ಡುಗಳಲ್ಲಿ ಕಂಡು ನಕ್ಕ ಉಪನ್ಯಾಸಕರು ಬಹಳ ಮಂದಿ ಇದ್ದಾರೆ.

ಹುಡುಗರಿಗೆ ಯಾರಾದರೂ ಅಂಕ ಹಂಚಿಕೆಯನ್ನು ಮೊದಲೇ ಬಿಡಿಸಿ ಹೇಳಿದ್ದರೆ ಈ ಕಳ್ಳ ರೀಡಿಂಗಿನ ಆಸೆಯೇ ಹುಟ್ಟುತ್ತಿರಲಿಲ್ಲ. ಭೌತಶಾಸ್ತ್ರವನ್ನೇ ನೋಡಿ. 30ರಲ್ಲಿ ರೆಕಾರ್ಡಿಗೆ 6, ವೈವಾಕ್ಕೆ 4, ಪ್ರಯೋಗಕ್ಕೆ 20. ಆ ಇಪ್ಪತ್ತರಲ್ಲಿ ತತ್ವ ಬರೆದದ್ದಕ್ಕೆ 2, ಸೂತ್ರ ಬರೆದು ಅದರ ಅಕ್ಷರಗಳನ್ನು ವಿವರಿಸಿದ್ದಕ್ಕೆ 2, ಚಿತ್ರಕ್ಕೆ 2, ಕೋಷ್ಟಕ ಹಾಕಿಕೊಂಡದ್ದಕ್ಕೆ 3. ಅಂದರೆ ಉಪಕರಣವನ್ನು ಮುಟ್ಟುವ ಮೊದಲೇ 9 ಅಂಕ ಕೈಯಲ್ಲಿ. ಸರ್ಕ್ಯೂಟು ಜೋಡಿಸಿದ್ದಕ್ಕೆ 3, ರೀಡಿಂಗು ತೆಗೆದು ಬರೆದದ್ದಕ್ಕೆ 4, ಲೆಕ್ಕಕ್ಕೋ ಗ್ರಾಫಿಗೋ 3. ಕೊನೆಯಲ್ಲಿ ಉತ್ತರ, ಮಾನದ ಸಮೇತ, ಎಷ್ಟು ಅಂಕ ಗೊತ್ತೇ? ಒಂದು. ಈ ಒಂದು ಅಂಕದ ಉತ್ತರ ಸರಿ ಬರಲಿ ಎಂದು ಹುಡುಗರು ರೀಡಿಂಗಿನ, ಲೆಕ್ಕದ ಏಳನ್ನು ಕೆಡಿಸಿಕೊಳ್ಳುತ್ತಾರೆ. ತಪ್ಪು ಉತ್ತರವನ್ನು ಪ್ರಾಮಾಣಿಕವಾಗಿ ಬರೆದವನಿಗೆ ಹೋಗುವುದು ಹೆಚ್ಚೆಂದರೆ ಒಂದೇ ಅಂಕ. ಸುಳ್ಳು ಕೋಷ್ಟಕ ಬರೆದು ಸಿಕ್ಕಿಬಿದ್ದವನಿಗೆ ವೈವಾದಲ್ಲೂ ಕಷ್ಟ.

ಸಿಕ್ಕಿಬೀಳುವುದು ಬಹಳ ಸುಲಭ. ತಂತಿಯ ರೋಧ ಅಳೆಯುವ ಮೀಟರ್ ಬ್ರಿಡ್ಜಿನಲ್ಲಿ ಐದು ರೀಡಿಂಗುಗಳು ಒಂದೇ ಗೆರೆಯ ಮೇಲೆ ಕೂತರೆ ಅನುಮಾನ ಬಾರದಿರುವುದಿಲ್ಲ. ಜಾಕಿಯನ್ನು ತಂತಿಯ ಮೇಲೆ ಎಳೆದಾಡಿದನೋ ಮೆಲ್ಲಗೆ ಒತ್ತಿ ಎತ್ತಿದನೋ ಎಂಬುದು ದೂರದಿಂದಲೇ ಕಾಣುತ್ತದೆ. ಎಳೆದರೆ ತಂತಿ ಸವೆಯುತ್ತದೆ, ಒಂದೊಂದು ಕಡೆ ಒಂದೊಂದು ದಪ್ಪವಾಗುತ್ತದೆ, ಆಮೇಲೆ ಯಾರು ಮಾಡಿದರೂ ಉತ್ತರ ಸರಿ ಬರುವುದಿಲ್ಲ. ರೀಡಿಂಗು ಬರೆದುಕೊಳ್ಳುವಾಗ ಕೀಲಿಯನ್ನು ತೆಗೆದಿಡುವ ಹುಡುಗಿಗೆ ತಂತಿ ಬಿಸಿಯಾದರೆ ರೋಧ ಬದಲಾಗುತ್ತದೆ ಎಂಬುದು ತಿಳಿದಿದೆ ಎಂದೇ ಅರ್ಥ. ಸಮತೋಲನ ಬಿಂದು ತಂತಿಯ ನಡುಭಾಗಕ್ಕೆ ಹತ್ತಿರ ಬರುವಂತೆ ರೋಧ ಪೆಟ್ಟಿಗೆಯಲ್ಲಿ ಬೆಲೆ ಆರಿಸಿಕೊಂಡವಳನ್ನು ಕಂಡರಂತೂ ವೈವಾದಲ್ಲಿ ಕೇಳುವುದೇ ಬೇಡ ಅನ್ನಿಸಿಬಿಡುತ್ತದೆ.

ರಸಾಯನಶಾಸ್ತ್ರದ ಟೇಬಲ್ಲಿಗೆ ಬನ್ನಿ. ಕೈ ಪಳಗಿದೆಯೋ ಇಲ್ಲವೋ ಎಂಬುದು ನಿಜವಾಗಿ ಗೊತ್ತಾಗುವುದು ಅಲ್ಲಿ. ಆಕ್ಸಾಲಿಕ್ ಆಮ್ಲಕ್ಕೆ ಪೊಟ್ಯಾಸಿಯಂ ಪರ್ಮಾಂಗನೇಟ್ ಟೈಟ್ರೇಶನ್ ನಮ್ಮ ಪಿಯು ಲ್ಯಾಬುಗಳಿಗೆ ಹಳೆಯ ನೆಂಟ. ಬ್ಯೂರೆಟ್ಟಿನಲ್ಲಿ ಪರ್ಮಾಂಗನೇಟ್. ತುಂಬುವ ಮೊದಲು ಅದೇ ದ್ರಾವಣ ಸ್ವಲ್ಪ ಹಾಕಿ ತೊಳೆಯಬೇಕು. ನೀರಿನಲ್ಲಿ ತೊಳೆದು ಹಾಗೇ ತುಂಬಿದರೆ ಒಳಗೆ ಉಳಿದ ನೀರು ದ್ರಾವಣವನ್ನು ತೆಳುಮಾಡುತ್ತದೆ. ಆದರೆ ಕೋನಿಕಲ್ ಫ್ಲಾಸ್ಕನ್ನು ನೀರಿನಿಂದ ಮಾತ್ರ ತೊಳೆಯಬೇಕು, ಅದರಲ್ಲಿ ನೀರು ಉಳಿದರೂ ಬಾಧಕವಿಲ್ಲ. ಏಕೆ ಎಂದು ಪರೀಕ್ಷಕರು ಕೇಳಿಯೇ ಕೇಳುತ್ತಾರೆ. ಪಿಪೆಟ್ಟಿನಿಂದ ಅಳೆದು ಹಾಕಿದ ಆಮ್ಲದ ಪ್ರಮಾಣ ನೀರು ಸೇರಿದ ಮಾತ್ರಕ್ಕೆ ಬದಲಾಗುವುದಿಲ್ಲ, ಇಷ್ಟೇ ಉತ್ತರ. ಬ್ಯೂರೆಟ್ಟಿನ ಮೂತಿಯಲ್ಲಿ ಗಾಳಿಗುಳ್ಳೆ ಉಳಿಯದಂತೆ ಒಮ್ಮೆ ಜೋರಾಗಿ ಬಿಟ್ಟು ನೋಡಬೇಕು. ಫನಲ್ ತೆಗೆದಿಡುವುದನ್ನು ಮರೆತರೆ ಅದರಿಂದ ತೊಟ್ಟಿಕ್ಕಿದ ಒಂದೆರಡು ಹನಿ ಇಡೀ ಲೆಕ್ಕವನ್ನು ಕೆಡಿಸುತ್ತದೆ.

ಫ್ಲಾಸ್ಕಿನಲ್ಲಿ ಆಕ್ಸಾಲಿಕ್ ಆಮ್ಲ, ಅದಕ್ಕೆ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ. ಹೈಡ್ರೋಕ್ಲೋರಿಕ್ ಯಾಕಾಗದು? ಪರ್ಮಾಂಗನೇಟ್ ಅದರ ಕ್ಲೋರೈಡನ್ನೇ ಉತ್ಕರ್ಷಿಸಿಬಿಡುತ್ತದೆ. ನೈಟ್ರಿಕ್? ಅದು ತಾನೇ ಉತ್ಕರ್ಷಣಕಾರಿ. ಸಲ್ಫ್ಯೂರಿಕ್ ಆಮ್ಲ ಕಡಿಮೆಯಾದರೆ ಗುಲಾಬಿಯ ಬದಲು ಕಂದು ಕಲಕು ಕಾಣಿಸುತ್ತದೆ, ಅದು ಮ್ಯಾಂಗನೀಸ್ ಡೈಆಕ್ಸೈಡ್. ಹಾಗಾದಾಗ ಗಾಬರಿಯಾಗದೆ ಚೆಲ್ಲಿ ಮತ್ತೆ ಶುರು ಮಾಡುವುದೇ ಸರಿ. ಫ್ಲಾಸ್ಕನ್ನು ಅರವತ್ತು ಎಪ್ಪತ್ತು ಡಿಗ್ರಿಯವರೆಗೆ ಬಿಸಿ ಮಾಡಬೇಕು. ಕುದಿಯಲು ಬಿಡಬಾರದು. ತಳವನ್ನು ಅಂಗೈಗೆ ತಾಗಿಸಿದರೆ ತಡೆದುಕೊಳ್ಳಲು ಆಗಬಾರದು, ಹಬೆ ಆಗತಾನೇ ಏಳುತ್ತಿರಬೇಕು. ಮೊದಲ ಹನಿ ಬಿದ್ದಾಗ ಬಣ್ಣ ಬೇಗ ಹೋಗುವುದಿಲ್ಲ. ಹೊಸಬರು ಇಲ್ಲೇ ಮೋಸಹೋಗುವುದು. ಎಂಡ್ ಪಾಯಿಂಟ್ ಬಂದೇಬಿಟ್ಟಿತು ಎಂದು ನಲ್ಲಿ ಮುಚ್ಚುತ್ತಾರೆ. ಸ್ವಲ್ಪ ತಾಳಿ, ಅಲುಗಿಸಿ. ಬಣ್ಣ ಕರಗುತ್ತದೆ, ಆಮೇಲಿನ ಹನಿಗಳು ಬಿದ್ದ ಹಾಗೆಯೇ ಮಾಯವಾಗುತ್ತವೆ. ಕ್ರಿಯೆಯಲ್ಲೇ ಹುಟ್ಟಿದ ಮ್ಯಾಂಗನೀಸ್ ಅಯಾನುಗಳು ಮುಂದಿನ ಕ್ರಿಯೆಗೆ ವೇಗ ಕೊಡುತ್ತವೆ. ಕೊನೆಗೆ ಒಂದು ಹನಿ ತಿಳಿ ಗುಲಾಬಿಯನ್ನು ಅರ್ಧ ನಿಮಿಷ ಉಳಿಸಿದರೆ ಅದೇ ಎಂಡ್ ಪಾಯಿಂಟ್. ಕಡು ಗುಲಾಬಿ ಬಂದರೆ ದಾಟಿಹೋಯಿತು ಎಂದರ್ಥ. ಪರ್ಮಾಂಗನೇಟ್ ಬಣ್ಣ ಗಾಢವಾದ್ದರಿಂದ ಬ್ಯೂರೆಟ್ಟಿನಲ್ಲಿ ದ್ರಾವಣದ ಮೇಲಂಚನ್ನೇ ಓದಬೇಕು, ಕಣ್ಣು ಅದೇ ಮಟ್ಟದಲ್ಲಿರಬೇಕು.

ಆಕ್ಸಾಲಿಕ್ ಆಮ್ಲದ ಬದಲು ಮೋರ್ ಲವಣ ಕೊಟ್ಟರೆ? ಬಿಸಿ ಮಾಡಬಾರದು. ಬಿಸಿಯಲ್ಲಿ ಅದರ ಫೆರಸ್ ಕಬ್ಬಿಣ ಗಾಳಿಯಿಂದಲೇ ಉತ್ಕರ್ಷಣೆಗೊಳ್ಳುತ್ತದೆ. ಈ ಎರಡನ್ನೂ ಬಾಯಿಪಾಠ ಮಾಡಿಕೊಂಡು ಹೋದ ಹುಡುಗ ಪರೀಕ್ಷೆಯ ದಿನ ಒಂದಕ್ಕೆ ಮಾಡಬೇಕಾದ್ದನ್ನು ಇನ್ನೊಂದಕ್ಕೆ ಮಾಡುತ್ತಾನೆ. ಎರಡೆರಡು ಸಲ ಕೈಯಾರೆ ಮಾಡಿದವನಿಗೆ ಆ ಗೊಂದಲವಿಲ್ಲ. ಈ ಎಲ್ಲ 'ಯಾಕೆ'ಗಳಿಗೆ ಪುಸ್ತಕದಲ್ಲಿ ಉತ್ತರ ಇದೆ, ಆದರೆ 'ಯಾಕೆ' ಎಂಬ ಪ್ರಶ್ನೆ ಹುಟ್ಟುವುದು ಸಿಂಕಿನ ಪಕ್ಕ ನಿಂತಾಗಲೇ.

ಕೊಟ್ಟ ಲವಣ ಯಾವುದೆಂದು ಪತ್ತೆಹಚ್ಚುವ ಸಾಲ್ಟ್ ಅನಾಲಿಸಿಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೀಲಿ ಕಂಡರೆ ತಾಮ್ರ, ಹಸಿರು ಕಂಡರೆ ಕಬ್ಬಿಣ ಎಂದು ಊಹಿಸಿ, ಹಿಂದಿನಿಂದ ಮುಂದಕ್ಕೆ ಪರೀಕ್ಷೆಗಳನ್ನು ಬರೆಯುವ ಜಾಣತನ ನಮ್ಮ ಮಕ್ಕಳಿಗೆ ಹುಟ್ಟಿನಿಂದಲೇ ಇದೆ. ಒಂದು ಮಾತ್ರ ನೆನಪಿರಲಿ: ಅಮೋನಿಯಂ ಲವಣಕ್ಕೆ ಕ್ಷಾರ ಹಾಕಿ ಬಿಸಿ ಮಾಡಿದಾಗ ಮೂಗಿಗೆ ಹೊಡೆಯುವ ವಾಸನೆ ರೈತರ ಮನೆಯ ಮಕ್ಕಳಿಗೆ ಹೊಸತಲ್ಲ. ಅಮೋನಿಯಂ ಸಲ್ಫೇಟ್ ಗೊಬ್ಬರಕ್ಕೆ ಸುಣ್ಣ ಬೆರೆಸಬೇಡ, ಸಾರ ಹಾರಿಹೋಗುತ್ತದೆ ಎಂದು ಅಪ್ಪ ಗದರಿದ್ದು ಇದೇ ಕಾರಣಕ್ಕೆ. ಕಾಲೇಜಿನ ರೆಕಾರ್ಡಿಗೂ ಹೊಲದ ಗೊಬ್ಬರಕ್ಕೂ ಇರುವ ಈ ನಂಟನ್ನು ಒಂದು ಸಲ ತೋರಿಸಿಕೊಟ್ಟರೆ ಮಗು ಮರೆಯುವುದಿಲ್ಲ.

ಜೀವಶಾಸ್ತ್ರದ ಲ್ಯಾಬಿನಲ್ಲಿ ಹಳ್ಳಿಯ ಮಕ್ಕಳೇ ಮುಂದಿರಬೇಕಿತ್ತು. ಈರುಳ್ಳಿಯ ಬೇರಿನ ತುದಿಯಲ್ಲಿ ಕೋಶ ವಿಭಜನೆ ನೋಡುವ ಪ್ರಯೋಗ ಇದೆ. ನೀರು ತುಂಬಿದ ಬಾಟಲಿಯ ಬಾಯಿಗೆ ಈರುಳ್ಳಿ ಕೂರಿಸಿದರೆ ಎರಡು ಮೂರು ದಿನಕ್ಕೆ ಬಿಳಿ ಬೇರು ಇಳಿಯುತ್ತದೆ. ಬೆಳಗಿನ ಹೊತ್ತು ತುದಿಯ ಎರಡು ಮೂರು ಮಿಲಿಮೀಟರ್ ಮಾತ್ರ ಕತ್ತರಿಸಿ, ಅಸೆಟಿಕ್ ಆಮ್ಲ ಮತ್ತು ಆಲ್ಕೋಹಾಲ್ ಮಿಶ್ರಣದಲ್ಲಿಟ್ಟು, ಆಮ್ಲದಲ್ಲಿ ಮೆತ್ತಗೆ ಮಾಡಿ, ಅಸಿಟೋಕಾರ್ಮೈನ್ ಬಣ್ಣ ಹಾಕಿ, ಕವರ್ ಸ್ಲಿಪ್ಪಿನ ಮೇಲೆ ಹೆಬ್ಬೆರಳಿನಿಂದ ಒತ್ತಬೇಕು. ಜಾರಿಸಬಾರದು, ನೇರ ಒತ್ತಬೇಕು. ಬಹುಪಾಲು ಮಕ್ಕಳು ಉದ್ದನೆಯ ಬೇರು ಕತ್ತರಿಸುತ್ತಾರೆ. ವಿಭಜನೆ ನಡೆಯುವುದು ತುದಿಯಲ್ಲಿ ಮಾತ್ರ, ಮೇಲಿನ ಭಾಗದಲ್ಲಿ ಎಷ್ಟು ಹುಡುಕಿದರೂ ಸುಮ್ಮನೆ ಇಟ್ಟಿಗೆ ಗೋಡೆ ಕಂಡ ಹಾಗೆ ಕೋಶಗಳು ಕಾಣುತ್ತವೆ. ಇನ್ನು ದಾಸವಾಳ ಬಿಡಿಸಿ ತೋರಿಸುವುದು, ಆಲೂಗಡ್ಡೆಯ ಗುಂಡಿಯಲ್ಲಿ ಸಕ್ಕರೆ ದ್ರಾವಣ ಹಾಕಿ ಅಭಿಸರಣೆ ನೋಡುವುದು, ಮಣ್ಣಿನ ಪಿಎಚ್ ಪರೀಕ್ಷಿಸುವುದು ಇವೆಲ್ಲ ಹಾಸನ ಜಿಲ್ಲೆಯವರ ಅಂಗಳದ ವಸ್ತುಗಳೇ. ರಾಜ್ಯದಲ್ಲಿ ಆಲೂಗಡ್ಡೆಗೆ ಹೆಸರಾದ ಜಿಲ್ಲೆ ನಮ್ಮದು. ಅಂಗಮಾರಿ ಬಿದ್ದ ಎಲೆಯ ತಳಭಾಗದ ಬಿಳಿ ಬೂಷ್ಟನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಅಪ್ಪನ ಬೆಳೆ ಹಾಳಾದದ್ದು ಯಾವುದರಿಂದ ಎಂಬುದು ಕಣ್ಣಿಗೇ ಕಾಣುತ್ತದೆ.

ಹೊಲದ ತಿಳಿವಳಿಕೆಗೆ ಅಂಕ ಕೊಡುವ ಪರೀಕ್ಷೆಯೂ ನಮ್ಮ ರಾಜ್ಯದಲ್ಲಿ ಇದೆ ಎನ್ನುವುದನ್ನು ಇಲ್ಲಿ ನೆನಪಿಸಬೇಕು. ಕೃಷಿ ಪದವಿಗೆ ರೈತರ ಮಕ್ಕಳ ಕೋಟಾದಲ್ಲಿ ಸೀಟು ಕೇಳುವವರಿಗೆ ಕೃಷಿ ವಿಶ್ವವಿದ್ಯಾಲಯಗಳು ಪ್ರಾಯೋಗಿಕ ಪರೀಕ್ಷೆ ನಡೆಸುತ್ತವೆ. ಬೀಜ, ಕಳೆ, ಗೊಬ್ಬರ, ಸಲಕರಣೆ ಎದುರಿಗಿಟ್ಟು ಗುರುತಿಸು ಅನ್ನುತ್ತಾರೆ. ಹಾಸನದ ಕಾರೆಕೆರೆಯಲ್ಲೇ ಕೃಷಿ ಕಾಲೇಜಿದೆ. ಆದರೂ ಹೈಸ್ಕೂಲಿಗೆ ಹೋಗುವ ಮಗನನ್ನು ಹೊಲಕ್ಕೆ ಬರಬೇಡ, ಓದಿಕೋ ಎಂದು ಕಳಿಸಿಬಿಡುವ ಅಪ್ಪಂದಿರೇ ಹೆಚ್ಚು.

ವೈವಾ ಎಂದರೆ ಮಕ್ಕಳಿಗೆ ಗಂಟಲು ಒಣಗುತ್ತದೆ. ಇದರಲ್ಲಿ ಅರ್ಧ ಭಯ ಇಂಗ್ಲಿಷಿನದು. ಉತ್ತರ ಗೊತ್ತಿದ್ದೂ ವಾಕ್ಯ ಕೂಡಿಸಲಾಗದೆ ನಿಂತ ಹುಡುಗಿಯರನ್ನು ಪ್ರತಿವರ್ಷ ನೋಡುತ್ತೇನೆ. 'ಕನ್ನಡದಲ್ಲಿ ಹೇಳಲಾ ಸರ್' ಎಂದು ಕೇಳಿ, ತಾಯಿ. ಬೇಡ ಎಂದ ಪರೀಕ್ಷಕರನ್ನು ನಾನು ಕಂಡಿಲ್ಲ. ಲೀಸ್ಟ್ ಕೌಂಟ್ ಎಂದರೇನು, ಅಮ್ಮೀಟರನ್ನು ಸರಣಿಯಲ್ಲಿ ಏಕೆ ಜೋಡಿಸಬೇಕು, ಆಮ್ಲವನ್ನು ನೀರಿಗೆ ಹಾಕಬೇಕೋ ನೀರನ್ನು ಆಮ್ಲಕ್ಕೋ, ಕೇಳುವುದು ಇಂಥವನ್ನೇ. ಕೊನೆಯದಕ್ಕೆ ಉತ್ತರ ತಪ್ಪಿದರೆ ಅಂಕ ಹೋಗುವುದು ಸಣ್ಣ ಮಾತು. ಪ್ರಬಲ ಸಲ್ಫ್ಯೂರಿಕ್ ಆಮ್ಲಕ್ಕೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಬಾಯಲ್ಲಿ ಪಿಪೆಟ್ ಎಳೆಯುವ ಹಳೇ ಚಟವನ್ನೂ ಕಾಲೇಜುಗಳು ಬಿಡಬೇಕು. ರಬ್ಬರ್ ಬಲ್ಬಿಗೆ ಅಂಥ ದೊಡ್ಡ ಖರ್ಚೇನಿಲ್ಲ.

ಹಾಗಾದರೆ ತಯಾರಿ ಎಲ್ಲಿಂದ ಶುರುವಾಗಬೇಕು? ಎಂಟನೇ ತರಗತಿಯಿಂದ, ಮನೆಯಿಂದ. ಅಜ್ಜಿಯ ಎಲೆಅಡಿಕೆ ಚೀಲದ ಸುಣ್ಣವನ್ನೇ ತೆಗೆದುಕೊಳ್ಳಿ. ಕಡಲೆಕಾಳಿನಷ್ಟು ಸುಣ್ಣವನ್ನು ಒಂದು ಲೋಟ ನೀರಿಗೆ ಕದಡಿ, ಮುಚ್ಚಿ, ರಾತ್ರಿ ಅಲುಗಿಸದೆ ಇಡಿ. ಬೆಳಗ್ಗೆ ಮೇಲಿನ ತಿಳಿಯನ್ನು ಮೆಲ್ಲಗೆ ಬೇರೆ ಲೋಟಕ್ಕೆ ಬಗ್ಗಿಸಿಕೊಳ್ಳಿ. ಪಠ್ಯಪುಸ್ತಕದಲ್ಲಿ ಪದೇ ಪದೇ ಬರುವ ಸುಣ್ಣದ ತಿಳಿನೀರು ಇದೇ. ಒಂದು ಸ್ಟ್ರಾದಿಂದ ಅದರೊಳಗೆ ಊದಿ. ಹೀರಿಕೊಳ್ಳಬಾರದು, ಕಣ್ಣಿಗೆ ಸಿಡಿಯಬಾರದು, ಅದಕ್ಕೆ ದೊಡ್ಡವರು ಯಾರಾದರೂ ಪಕ್ಕದಲ್ಲಿರಲಿ. ತುಸು ಹೊತ್ತಿಗೆ ನೀರು ಹಾಲಿನಂತಾಗುತ್ತದೆ. ಉಸಿರಿನ ಇಂಗಾಲದ ಡೈಆಕ್ಸೈಡ್ ಸುಣ್ಣದ ಜೊತೆ ಸೇರಿ ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆದದ್ದು. ಇಲ್ಲಿಗೆ ನಿಲ್ಲಿಸಬೇಡಿ. ಊದುತ್ತಲೇ ಹೋದರೆ ಹಾಲು ಮತ್ತೆ ತಿಳಿಯಾಗತೊಡಗುತ್ತದೆ, ಏಕೆಂದರೆ ಈಗ ಹುಟ್ಟುತ್ತಿರುವ ಕ್ಯಾಲ್ಸಿಯಂ ಹೈಡ್ರೋಜನ್ ಕಾರ್ಬೊನೇಟ್ ನೀರಿನಲ್ಲಿ ಕರಗುತ್ತದೆ. ಕಾಯಿಸಿದರೆ ಮತ್ತೆ ಬೆಳ್ಳಗೆ. ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಅಮ್ಮ ದಿನಾ ಉಜ್ಜುವ ಬಿಳಿ ಪದರವೂ ಇದೇ ಕ್ರಿಯೆಯ ಫಲ. ಒಂದು ಚಿಟಿಕೆ ಸುಣ್ಣದಲ್ಲಿ ಹತ್ತನೇ ತರಗತಿಯ ಒಂದು ಅಧ್ಯಾಯ, ಪಿಯುಸಿಯ ಕಾರ್ಬೊನೇಟ್ ಪರೀಕ್ಷೆ ಎರಡೂ ಮುಗಿಯುತ್ತವೆ.

ಆರತಿ ತಟ್ಟೆಯ ಕೆಂಪು ನೀರೂ ಹಾಗೆಯೇ. ಅರಿಸಿನಕ್ಕೆ ಸುಣ್ಣ ಬಿದ್ದೊಡನೆ ಕೆಂಪಾಗುವುದು ಅರಿಸಿನ ಒಂದು ಸೂಚಕವಾದ್ದರಿಂದ. ಅದಕ್ಕೆ ನಿಂಬೆರಸ ಹಿಂಡಿ ಹಳದಿಗೆ ತಿರುಗಿಸಿದ ಮಗುವಿಗೆ ಟೈಟ್ರೇಶನ್ ಎಂದರೇನು ಎಂದು ಮುಂದೆ ಅರ್ಧ ಹೇಳಿದರೆ ಸಾಕು. ಕೊನೆಯ ನಾಲ್ಕು ಹನಿಗಳನ್ನು ಎಣಿಸುತ್ತಾ ಹಾಕುವುದನ್ನು ಅದು ಅಡುಗೆಮನೆಯಲ್ಲೇ ಕಲಿತಿರುತ್ತದೆ. ಭೂತಗನ್ನಡಿಯೊಂದು ಸಿಕ್ಕರೆ ಎದುರಿನ ತೆಂಗಿನ ಮರದ ತಲೆಕೆಳಗಾದ ಬಿಂಬವನ್ನು ಗೋಡೆಯ ಮೇಲೆ ಹಿಡಿದು, ಗೋಡೆಗೂ ಗಾಜಿಗೂ ನಡುವಿನ ದೂರ ಅಳೆದರೆ ಸಂಗಮದೂರ ಬಂತು. ಪಿಯುಸಿಯ ಪೀನಮಸೂರದ ಪ್ರಯೋಗ ಶುರುವಾಗುವುದೇ ಈ ಅಂದಾಜಿನಿಂದ.

ಇದೆಲ್ಲ ಆದರ್ಶದ ಮಾತು, ಸರ್ಕಾರಿ ಶಾಲೆಯಲ್ಲಿ ನಡೆಯುವುದಿಲ್ಲ ಎನ್ನುವವರಿಗೆ ಮಧ್ಯಪ್ರದೇಶದ ಆಗಿನ ಹೋಶಂಗಾಬಾದ್ ಕಡೆ ಕೈ ತೋರಿಸಬೇಕಾಗುತ್ತದೆ. 1972ರಲ್ಲಿ 16 ಶಾಲೆಗಳಲ್ಲಿ ಅಲ್ಲೊಂದು ವಿಜ್ಞಾನ ಕಲಿಕೆಯ ಕಾರ್ಯಕ್ರಮ ಶುರುವಾಯಿತು. ಹಳ್ಳಿಯ ಸರ್ಕಾರಿ ಮಾಧ್ಯಮಿಕ ಶಾಲೆಗಳು, ಅಗ್ಗದ ಕಿಟ್ಟು, ಗುಂಪಿನಲ್ಲಿ ಪ್ರಯೋಗ. ಎಂಟನೇ ತರಗತಿಯ ಪರೀಕ್ಷೆಗೆ ಮಕ್ಕಳು ಪುಸ್ತಕ ತೆರೆದಿಟ್ಟುಕೊಂಡೇ ಬರೆಯಬಹುದಿತ್ತು. ಜೊತೆಗೆ ಪ್ರಾಯೋಗಿಕ ಪರೀಕ್ಷೆ ಕಡ್ಡಾಯ. ಬಾಯಿಪಾಠಕ್ಕೆ ಅಲ್ಲಿ ಬೆಲೆಯೇ ಇರಲಿಲ್ಲ. 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಅದನ್ನು ಮುಂದಕ್ಕೆ ಒಯ್ದಿತು. 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಆದರೆ ಅಷ್ಟರೊಳಗೆ ಮೂರು ದಶಕ ಅದು ನಡೆದಿತ್ತು, ನಮ್ಮ ಹೋಬಳಿ ಶಾಲೆಗಳಂಥದ್ದೇ ಶಾಲೆಗಳಲ್ಲಿ.

ಪ್ರಾಯೋಗಿಕ ಅಂಕಗಳ ಸಂಕಟ ನಮ್ಮೊಬ್ಬರದೇ ಅಲ್ಲ. ಇಂಗ್ಲೆಂಡಿನಲ್ಲೂ ಶಾಲೆಯೇ ಅಂಕ ಕೊಟ್ಟರೆ ಎಲ್ಲರಿಗೂ ಪೂರ್ಣ ಅಂಕ ಬರುತ್ತದೆ ಎಂಬ ದೂರು ಇತ್ತು. 2015ರಿಂದ ಅಲ್ಲಿ ಎ ಲೆವೆಲ್ ವಿಜ್ಞಾನದ ಪ್ರಯೋಗ ಕೌಶಲವನ್ನು ಅಂಕದಿಂದಲೇ ಬೇರ್ಪಡಿಸಿ, ಪಾಸು ಅಥವಾ ಇಲ್ಲ ಎಂದು ಪ್ರತ್ಯೇಕ ನಮೂದು ಮಾಡುತ್ತಾರೆ. ಪ್ರಯೋಗದ ತಿಳಿವಳಿಕೆಯನ್ನು ಪರೀಕ್ಷಿಸುವ ಪ್ರಶ್ನೆಗಳು ಲಿಖಿತ ಪತ್ರಿಕೆಯಲ್ಲೇ ಬರುತ್ತವೆ. ಇದು ನಮಗೆ ಪೂರ್ತಿ ಹೊಂದುತ್ತದೆ ಎಂದು ನಾನು ನಂಬುವುದಿಲ್ಲ. ಅಂಕವಿಲ್ಲದ ಯಾವುದನ್ನೂ ನಮ್ಮಲ್ಲಿ ಪಾಲಕರೂ ಮುಟ್ಟುವುದಿಲ್ಲ, ಶಾಲೆಯೂ ಮುಟ್ಟುವುದಿಲ್ಲ. ನನ್ನ ಮಟ್ಟಿಗೆ ತಮಿಳುನಾಡು, ಮಹಾರಾಷ್ಟ್ರದ ದಾರಿಯೇ ಮೇಲು. ಎಸ್ಸೆಸ್ಸೆಲ್ಸಿ ವಿಜ್ಞಾನದ ಆಂತರಿಕ 20ರಲ್ಲಿ 10ನ್ನಾದರೂ ಕೈಯಾರೆ ಮಾಡಿ ತೋರಿಸುವ ಪ್ರಯೋಗಕ್ಕೆ ಮೀಸಲಿಡಬೇಕು, ಪಕ್ಕದ ಶಾಲೆಯ ಮೇಷ್ಟ್ರು ಬಂದು ನೋಡಬೇಕು. ಎಲ್ಲರೂ ಪೂರ್ಣ ಅಂಕ ಪಡೆದರೂ ಪರವಾಗಿಲ್ಲ, ಒಂದು ದಿನ ಬೀರು ತೆರೆದಂತಾಯಿತು.

ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಇದನ್ನು ಯಾವಾಗ ಮಾಡುತ್ತದೋ ಬಿಡುತ್ತದೋ, ಅದಕ್ಕಾಗಿ ಕಾಯಬೇಕಿಲ್ಲ. ಪಿಯು ಪ್ರಾಯೋಗಿಕ ಪರೀಕ್ಷೆ ಮುಗಿದ ಮೇಲೆ ಕಾಲೇಜುಗಳ ಲ್ಯಾಬು ಖಾಲಿ ಇರುತ್ತವೆ, ಜೋಡಿಸಿದ ಸಾಮಾನು ಇನ್ನೂ ಟೇಬಲ್ಲಿನ ಮೇಲೇ ಇರುತ್ತದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಪ್ರಾಂಶುಪಾಲರೇ, ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬರುವ ಒಂಬತ್ತನೇ ತರಗತಿಯ ಮಕ್ಕಳಿಗೆ ಆ ಬಾಗಿಲು ತೆರೆಯಿರಿ. ಹೈಸ್ಕೂಲಿನ ಮೇಷ್ಟ್ರುಗಳೇ, ಮುರಿದ ಪ್ರನಾಳವನ್ನು ಮುರಿಯಿತು ಎಂದೇ ದಾಸ್ತಾನು ಪುಸ್ತಕದಲ್ಲಿ ಬರೆಯಿರಿ. ಬಳಸಿದ್ದರಿಂದ ಮುರಿದ ಸಾಮಾನಿಗೆ ಆಡಿಟ್‌ನವರು ಆಕ್ಷೇಪ ಎತ್ತಿದರೆ ನಿಮ್ಮ ಪರ ಮಾತಾಡಲು ಶಾಲಾಭಿವೃದ್ಧಿ ಸಮಿತಿ ಇದೆ. ಈ ವರ್ಷ ದ್ವಿತೀಯ ಪಿಯುಸಿಯಲ್ಲಿರುವ ಮಕ್ಕಳೇ, ರೆಕಾರ್ಡಿನಲ್ಲಿ ಅಕ್ಕನ ರೀಡಿಂಗು ಇರುವ ಪ್ರಯೋಗಗಳ ಪಟ್ಟಿ ಮಾಡಿ, ಡಿಸೆಂಬರಿಗೆ ಮೊದಲು ಒಂದೊಂದನ್ನೂ ಒಂದೊಂದು ಸಲ ಮಾಡಿಬಿಡಿ. ಲ್ಯಾಬ್ ಅಟೆಂಡರಣ್ಣನನ್ನು ಕೇಳಿ, ಬ್ಯೂರೆಟ್ ಕೊಡುತ್ತಾರೆ.